ಡ್ರಿಲ್ ಮೇಷ್ಟ್ರ ಕರಿಕಂಬಳಿ

ನಮ್ಮ ಡ್ರಿಲ್ ಮೇಷ್ಟ್ರ ಹೆಗಲ ಮೇಲೆ ಕಡುಬೇಸಿಗೆಯಲ್ಲೂ ಒಂದು ಕರಿಕಂಬಳಿ ಇರುತ್ತಿತ್ತು. ಚಳ್ಳಕೆರೆ ಸೀಮೆಯಲ್ಲಿ ಕಂಬಳಿಗೇನೂ ಬರವಿಲ್ಲ. ಕುರಿ ಕಾಯುವವರ ಮೈಮೇಲೆ, ಎತ್ತಿನ ಬಂಡಿಯೊಳಗೆ, ರಾಗಿ ಕಣದ ಮಗ್ಗುಲಲ್ಲಿ ಅದು ಇದ್ದದ್ದೇ. ಆದರೆ ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ, ಇವುಗಳ ಜೊತೆಗೆ ಕಂಬಳಿ ಎಂದರೆ ಊರಿನವರಿಗೆ ನಗು. "ಮೇಷ್ಟ್ರೇ, ಕುರಿ ಎಲ್ಲಿ ಬಿಟ್ರಿ?" ಎಂದು ಹೋಟೆಲಿನ ಕಟ್ಟೆ ಮೇಲೆ ಕೂತವರು ಕೇಳುತ್ತಿದ್ದರು. "ಇಸ್ಕೂಲ್ನಾಗೆ ಅದಾವೆ, ಮುನ್ನೂರು" ಎಂದು ಮೇಷ್ಟ್ರು ನಿಲ್ಲದೆ ನಡೆದುಬಿಡುತ್ತಿದ್ದರು.

ಅವರು ಆ ಕಂಬಳಿ ಹೊದ್ದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅದು ಇದ್ದದ್ದು ಜಿಗಿಯುವ ಹುಡುಗರಿಗೆ. ಓಡಿ, ಕುಣಿದು, ಮೈ ಬೆವರಿದ ಹುಡುಗ ತನ್ನ ಸರದಿಗೆ ಕಾಯುತ್ತ ನಿಂತರೆ ಹಿಂದಿನಿಂದ ಬಂದು ಅವನ ತೊಡೆಯವರೆಗೂ ಸುತ್ತಿಬಿಡುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಸುತ್ತಿಸಿಕೊಂಡರೆ ಮೈಯೆಲ್ಲ ನವೆ. ತೆಗೆಯುವ ಹಾಗಿಲ್ಲ. "ಕಾವು ಆರಬಾರದು ಕಣಲೇ, ಕಾವು ಆರಬಾರದು. ರೆಬೆಲ್ಲೋಗೆ ಆಗಿದ್ದು ಅದೇಯ." ಯಾವ ಊರಿನ ರೆಬೆಲ್ಲೋ, ಏನಾಯಿತು, ಆ ಮೊದಲ ವರ್ಷ ನಮಗೊಂದೂ ತಿಳಿಯದು. ಅದು ದೆವ್ವದ ಹೆಸರಿರಬೇಕೆಂದು ನಮ್ಮಲ್ಲಿ ಒಬ್ಬ ನಂಬಿದ್ದ.

ನಾನು ಹೈಸ್ಕೂಲು ಸೇರಿದ್ದು 1967ರಲ್ಲಿ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಸ್ಕೂಲಿನ ಹಿಂದೆ ಬಯಲು, ಬಯಲಿನಾಚೆ ಶೇಂಗಾ ಹೊಲ. ಆಟದ ಸಾಮಾನೆಂದರೆ ಒಂದು ವಾಲಿಬಾಲು, ಒಂದು ತುಕ್ಕು ಹಿಡಿದ ಕಬ್ಬಿಣದ ಗುಂಡು, ಮೇಷ್ಟ್ರ ಸೀಟಿ. "ಜಿಗಿಯೋಕೆ ಏನೂ ಬೇಡ್ರಲೇ, ಕಾಲಿದ್ರೆ ಸಾಕು. ಬೀಳೋಕೆ ಮಾತ್ರ ಜಾಗ ಬೇಕು" ಎಂದು ಮೇಷ್ಟ್ರು ನಮ್ಮಿಂದಲೇ ಗುಂಡಿ ತೋಡಿಸಿದರು. ವೇದಾವತಿ ಹೊಳೆಯಿಂದ ಎರಡು ಬಂಡಿ ಮರಳು ಬಂತು. ಬಂಡಿ ಕೊಟ್ಟವರು ಬಾಡಿಗೆ ಕೇಳಲಿಲ್ಲ, ಬದಲಿಗೆ ತಮ್ಮ ಮಗನನ್ನು ಪಾಸು ಮಾಡಿಸಿ ಎಂದರು. ಮರಳಿನ ಮೇಲೆ ಮರ ಕೊಯ್ಯುವ ಮಿಲ್ಲಿನ ಹೊಟ್ಟು. ಕಾಲು ಊರಿ ಚಿಮ್ಮುವ ಹಲಗೆಗೆ ಬೇವಿನ ತುಂಡು. ಅದನ್ನು ನೆಲಕ್ಕೆ ಸಮನಾಗಿ ಹೂತು ಸುಣ್ಣ ಬಳಿದೆವು. ಮುಂಗಾರು ಬಂದಾಗ ಗುಂಡಿ ತುಂಬ ನೀರು ನಿಂತು ಕಪ್ಪೆಗಳು ನಮಗಿಂತ ಚೆನ್ನಾಗಿ ಜಿಗಿದವು.

ಉದ್ದ ಜಿಗಿತ ಎಲ್ಲರಿಗೂ ಅರ್ಥವಾಗುತ್ತಿತ್ತು. ಓಡು, ಹಲಗೆ ತುಳಿ, ಹಾರು. ತೊಡಕಾದದ್ದು ಇನ್ನೊಂದು. ಈಗ ಟ್ರಿಪಲ್ ಜಂಪ್ ಎನ್ನುತ್ತಾರಲ್ಲ, ಅದಕ್ಕೆ ಆಗಿನ ಹೆಸರು 'ಹಾಪ್, ಸ್ಟೆಪ್ ಅಂಡ್ ಜಂಪ್'. ನಮ್ಮ ಬಾಯಲ್ಲಿ ಅದು 'ಹಾಪಿಷ್ಟೆಪ್ಪು'. ಯಾವ ಕಾಲಿನಿಂದ ಚಿಮ್ಮಿದೆಯೋ ಅದೇ ಕಾಲಿನ ಮೇಲೆ ಇಳಿಯಬೇಕು, ಅಲ್ಲಿಂದ ಮತ್ತೊಂದು ಕಾಲಿಗೆ, ಆ ಕಾಲಿನಿಂದ ಗುಂಡಿಗೆ. ಮೇಷ್ಟ್ರು ಬೋರ್ಡಿನ ಮೇಲೆ ಪಾದ ಬರೆದರು, ಬಾಣ ಹಾಕಿದರು, ತಾವೇ ಕುಣಿದು ತೋರಿಸಿದರು. ನಾವು ಬಲಗಾಲಿನಿಂದ ಹೊರಟು ಬಲಗಾಲನ್ನೇ ಮರೆತುಬಿಡುತ್ತಿದ್ದೆವು. ಕೊನೆಗೆ ಅವರು ಬಯಲಿನ ಮೂಲೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮಿಡ್ಲ್ ಸ್ಕೂಲಿನ ಹುಡುಗಿಯೊಬ್ಬಳನ್ನು ಕರೆದು, "ತಾಯೀ, ಇವರಿಗೆ ಎರಡು ಮನೆ ಕುಂಟಿ ತೋರಿಸಮ್ಮ" ಎಂದರು. ಅವಳು ಲಂಗ ಎತ್ತಿ ಕಟ್ಟಿ ಕುಂಟಿದಳು, ಇನ್ನೊಂದು ಕಾಲಿಗೆ ದಾಟಿದಳು, ಎರಡೂ ಕಾಲು ಜೋಡಿಸಿ ನೆಗೆದಳು. "ಇಷ್ಟೇ ಕಣ್ರಲೇ ಹಾಪಿಷ್ಟೆಪ್ಪು!" ನಾಚಿಕೆಯಿಂದಲೋ ಏನೋ ಆ ದಿನ ಎಲ್ಲರಿಗೂ ಬಂದುಬಿಟ್ಟಿತು.

ನಮ್ಮಲ್ಲಿ ನಿಜವಾಗಿ ಜಿಗಿಯುವವನು ಇದ್ದದ್ದು ಒಬ್ಬನೇ. ಬಡಗಿ ಮನೆಯ ಹುಡುಗ. ಆ ಬೇವಿನ ಹಲಗೆ ಕೆತ್ತಿದ್ದು ಅವನಪ್ಪ. ಮೊಣಕಾಲು ಎದೆಗೆ ಹತ್ತುವ ಹಾಗೆ ನೆಗೆಯುತ್ತಿದ್ದುದರಿಂದ ಅವನಿಗೆ ಮಿಡತೆ ಎಂದು ಹೆಸರು. ಇವತ್ತಿಗೂ ನಾನು ಅವನನ್ನು ಹಾಗೇ ಕರೆಯುತ್ತೇನೆ, ಮೊಮ್ಮಕ್ಕಳ ಎದುರಿಗೆ ಮಾತ್ರ ನಾಲಿಗೆ ಕಚ್ಚಿಕೊಳ್ಳುತ್ತೇನೆ. ನಾನೂ ಜಿಗಿಯುತ್ತಿದ್ದೆ. ನನ್ನ ಕುಂಟು ಚೆನ್ನಾಗಿತ್ತು, ನೆಗೆತ ಪರವಾಗಿಲ್ಲ, ನಡುವಿನ ಹೆಜ್ಜೆ ಮಾತ್ರ ಬಡವರ ಮನೆ ಪಾಯಸದ ಹಾಗೆ ತೆಳು. ಹಾಪಿಷ್ಟೆಪ್ಪಿನಲ್ಲಿ ಹೆಚ್ಚಿನವರು ಸೋಲುವುದು ಅಲ್ಲೇ. ಮೊದಲ ಕುಂಟಿನಲ್ಲಿ ಆಸೆಪಟ್ಟು ದೂರ ಹೋದವನಿಗೆ ನಡುಹೆಜ್ಜೆಯಲ್ಲಿ ಕಾಲು ಕುಸಿಯುತ್ತದೆ. ಮೂರಕ್ಕೂ ಸರಿಯಾಗಿ ಹಂಚಬೇಕು. "ಮೂರು ಮಕ್ಕಳ ತಾಯಿ ರೊಟ್ಟಿ ಹಂಚಿದಂಗೆ ಹಂಚ್ರಲೇ" ಎನ್ನುತ್ತಿದ್ದರು ಮೇಷ್ಟ್ರು.

ರೆಬೆಲ್ಲೋ ಯಾರೆಂದು ತಿಳಿದದ್ದು ಒಂದು ಶನಿವಾರ ಬೆಳಗಿನ ಡ್ರಿಲ್ಲಿನಲ್ಲಿ. ಮೇಷ್ಟ್ರು ಟೇಪು ತಂದರು. ಒಂದು ಮಗ್ಗುಲು ಅಡಿ, ಇನ್ನೊಂದು ಮಗ್ಗುಲು ಮೀಟರು ಇದ್ದ ಬಟ್ಟೆಯ ಟೇಪು. ಸರ್ಕಾರ ಮೀಟರಿಗೆ ಬದಲಾಗಿತ್ತು, ಮೇಷ್ಟ್ರು ಆಗಿರಲಿಲ್ಲ. ಬಾವುಟದ ಕಂಬದ ಬುಡದಲ್ಲಿ ಒಂದು ತುದಿ ಹಿಡಿಸಿ ಎಳೆಯುತ್ತಾ ಹೋದರು. ಟೇಪು ಹೆಡ್‌ಮಾಸ್ತರರ ಕೋಣೆಯ ಮೆಟ್ಟಿಲಿನ ಹತ್ತಿರ ನಿಂತಿತು. ಅಲ್ಲಿ ಸುಣ್ಣದ ಗೆರೆ. "ಐವತ್ತಡಿ ಎರಡಿಂಚು. ಈ ಕಂಬದಿಂದ ಆ ಗೆರೆಗೆ ಮೂರೇ ನೆಗೆತದಾಗೆ ಹೋದೋನು ಹೆನ್ರಿ ರೆಬೆಲ್ಲೋ. ನಮ್ಮ ಬೆಂಗಳೂರಿನ ಹುಡುಗ." ಪ್ರಾರ್ಥನೆಗೆ ನಿಂತಿದ್ದ ಸಾಲುಗಳು ಮುರಿದು ಎಲ್ಲರೂ ಗೆರೆ ನೋಡಲು ನುಗ್ಗಿದೆವು. ಮಿಡತೆ ಕಂಬದ ಬುಡಕ್ಕೆ ಹೋಗಿ ನಿಂತು ಆ ಗೆರೆಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಅವನು ಮೂರು ನೆಗೆತ ನೆಗೆದು ಬಿದ್ದ ಜಾಗಕ್ಕೂ ಗೆರೆಗೂ ನಡುವೆ ಒಂದು ಎತ್ತಿನ ಗಾಡಿ ಆರಾಮಾಗಿ ನಿಲ್ಲುತ್ತಿತ್ತು.

ಆಮೇಲೆ ಕಥೆ ಬಿಡಿಬಿಡಿಯಾಗಿ, ವರ್ಷಗಟ್ಟಲೆ ಬಂತು. ಮೇಷ್ಟ್ರು 1948ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದರಂತೆ; ಆಮೇಲೆ ಮದರಾಸಿನ ಸೈದಾಪೇಟೆಯ ವೈ.ಎಂ.ಸಿ.ಎ. ಕಾಲೇಜಿಗೆ ಹೋಗಿ ಡ್ರಿಲ್ ಕಲಿತವರು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಅವರಿಗೆ ಮನೆದೇವರ ಜಾತ್ರೆ ಇದ್ದ ಹಾಗೆ. ಸ್ವತಂತ್ರ ಭಾರತ ತನ್ನ ಬಾವುಟ ಹಿಡಿದು ಹೋದ ಮೊದಲ ಒಲಿಂಪಿಕ್ಸ್. ಹಾಕಿಯಲ್ಲಿ ನಮ್ಮವರು ಬ್ರಿಟನ್ನಿಗೆ ಅವರದೇ ನೆಲದಲ್ಲಿ ನಾಲ್ಕು ಗೋಲು ಹೊಡೆದು ಚಿನ್ನ ತಂದರು. ಫುಟ್‌ಬಾಲಿನಲ್ಲಿ ಬಹಳಷ್ಟು ಮಂದಿ ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ರಾಮನ್. ಈ ಎರಡು ಕಥೆ ದೇಶಕ್ಕೆಲ್ಲ ಗೊತ್ತು. ಮೇಷ್ಟ್ರು ಹೇಳುತ್ತಿದ್ದದ್ದು ಮೂರನೆಯದು.

ರೆಬೆಲ್ಲೋಗೆ ಆಗ ಹತ್ತೊಂಬತ್ತು ವರ್ಷ. ಹುಟ್ಟಿದ್ದು ಲಖನೌದಲ್ಲಿ ಎಂದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಮೇಷ್ಟ್ರು ಮಾತ್ರ ಬೆಂಗಳೂರಿನವನು ಎಂಬುದನ್ನು ಬಿಟ್ಟು ಬೇರೇನೂ ಹೇಳಿದವರಲ್ಲ. ಒಲಿಂಪಿಕ್ಸಿಗೆ ಹೊರಡುವ ಮೊದಲೇ ಐವತ್ತಡಿ ಎರಡಿಂಚು, ಅಂದರೆ 15.29 ಮೀಟರ್ ಹಾರಿದ್ದವನು. ಯುದ್ಧ ಮುಗಿದು ಮೂರು ವರ್ಷವಾಗಿದ್ದ ಆ ಕಾಲದಲ್ಲಿ ಜಗತ್ತಿನಲ್ಲಿ ಅಷ್ಟು ದೂರ ಹಾರುವವರು ಬೆರಳೆಣಿಕೆಯಷ್ಟು ಮಂದಿ. ಪದಕ ಗೆಲ್ಲಬಲ್ಲವರ ಪಟ್ಟಿಯಲ್ಲಿ ಅವನ ಹೆಸರು ಮೇಲೇ ಇತ್ತು.

ಆಗಸ್ಟ್ 3, ವೆಂಬ್ಲಿ ಸ್ಟೇಡಿಯಂ. ಫೈನಲ್. ಮೈ ಬಿಸಿ ಮಾಡಿಕೊಂಡು ಓಟಕ್ಕೆ ಸಿದ್ಧನಾಗಿ ನಿಂತಿದ್ದ ರೆಬೆಲ್ಲೋನನ್ನು ಅಧಿಕಾರಿಯೊಬ್ಬರು ತಡೆದರು. ಬೇರೊಂದು ಸ್ಪರ್ಧೆಯ ಪದಕ ಪ್ರದಾನ ನಡೆಯಬೇಕಿತ್ತು. ಅದು ಮುಗಿಯುವವರೆಗೆ ನಿಲ್ಲು. ನಿಂತ. ಲಂಡನ್ನಿನ ತಣ್ಣನೆಯ ಗಾಳಿಯಲ್ಲಿ ಮೈಯ ಕಾವು ಆರಿತು. ಸಮಾರಂಭ ಮುಗಿದು ಹೊರಡು ಎಂದಾಗ, ಮತ್ತೆ ಮೈ ಬಿಸಿ ಮಾಡಿಕೊಳ್ಳದೆ ಓಡಿದ. ಹಲಗೆ ತುಳಿದು ಚಿಮ್ಮುವಾಗ ತೊಡೆಯ ಹಿಂದಿನ ಸ್ನಾಯು ಹರಿಯಿತು. ಗುಂಡಿಯಲ್ಲಿ ಬಿದ್ದ. ಅಲ್ಲಿಗೆ ಅವನ ಒಲಿಂಪಿಕ್ಸ್ ಮುಗಿಯಿತು.

ಇಷ್ಟು ನಿಜ. ಮೇಷ್ಟ್ರು ಇದಕ್ಕೆ ತಮ್ಮ ಮಸಾಲೆ ಸೇರಿಸುತ್ತಿದ್ದರು. ಒಂದು ಸಲ ಹೇಳಿದಾಗ ಜಿಟಿಜಿಟಿ ಮಳೆ, ಇನ್ನೊಂದು ಸಲ ಆಲಿಕಲ್ಲು. ಒಂದು ಸಲ ಕಾಲು ಗಂಟೆ ನಿಲ್ಲಿಸಿದರು, ಇನ್ನೊಂದು ಸಲ ಒಂದು ಗಂಟೆ. ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: "ಬ್ರಿಟಿಷರು ಬೇಕಂತ್ಲೇ ಮಾಡಿದ್ದು ಕಣ್ರಲೇ. ವರ್ಷದ ಹಿಂದೆ ಓಡಿಸಿದ್ವಲ್ಲ, ಆ ಸಿಟ್ಟು." ನಮಗೂ ಅದೇ ರುಚಿಸುತ್ತಿತ್ತು. ಈಗ ಯೋಚಿಸಿದರೆ ಸಂಚು ಹುಡುಕುವ ಅಗತ್ಯವೇ ಕಾಣುವುದಿಲ್ಲ. ಬಾವುಟ ಏರುವಾಗ, ವಾದ್ಯ ನುಡಿಸುವಾಗ ಮೈದಾನದಲ್ಲಿ ಉಳಿದ ಆಟ ನಿಲ್ಲಿಸುವುದು ಮರ್ಯಾದೆ. ಆ ಅಧಿಕಾರಿ ಬಹುಶಃ ತನ್ನ ಕೆಲಸ ಸರಿಯಾಗೇ ಮಾಡಿದ. ಅದೇ ನನಗೆ ಸಂಚಿಗಿಂತ ಹೆಚ್ಚು ಸಂಕಟದ ವಿಷಯ. ಸಂಚಾದರೆ ಬೈಯಲು ಒಬ್ಬನಾದರೂ ಸಿಗುತ್ತಾನೆ.

ಅವತ್ತು ಚಿನ್ನ ಗೆದ್ದವನು ಸ್ವೀಡನ್ನಿನ ಆರ್ನೆ ಆಹ್ಮನ್, 15.40 ಮೀಟರ್. ಎರಡನೆಯವನು ಆಸ್ಟ್ರೇಲಿಯಾದ ಜಾರ್ಜ್ ಎವರಿ. ಮೂರನೆಯವನು ಟರ್ಕಿಯ ರೂಹಿ ಸರಿಆಲ್ಪ್, 15.02. ಮೇಷ್ಟ್ರು ಇದನ್ನು ಅಡಿಗೆ ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಟರ್ಕಿಯವನದು ನಲವತ್ತೊಂಬತ್ತಡಿ ಮೂರೂವರೆ ಇಂಚು. "ಕಳೀರಿ" ಎನ್ನುತ್ತಿದ್ದರು. ಐವತ್ತಡಿ ಎರಡಿಂಚಿನಿಂದ ಕಳೆದರೆ ಹತ್ತೂವರೆ ಇಂಚು. ಊರಲ್ಲಿ ಹಾರಿದ್ದನ್ನೇ ವೆಂಬ್ಲಿಯಲ್ಲಿ ಇನ್ನೊಮ್ಮೆ ಹಾರಿದ್ದರೆ ಕಂಚು ಅವನದು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದೇ ಆಗುತ್ತಿತ್ತು. ಅದಕ್ಕಾಗಿ ದೇಶ ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯ ಕೆ.ಡಿ. ಜಾಧವ್ ಕಂಚು ತಂದರು. ಅಡಿ ಇಂಚಿನ ಕಳೆಯುವ ಲೆಕ್ಕ ನಾನು ಕಲಿತದ್ದು ಹೀಗೆ. ಗಣಿತದ ಮೇಷ್ಟ್ರು ಅದರ ಕೀರ್ತಿ ತಮಗೇ ಸಲ್ಲಬೇಕೆಂದುಕೊಂಡಿದ್ದರು.

ಮೇಷ್ಟ್ರ ಬಾಯಲ್ಲಿ ಇನ್ನೂ ಕೆಲವು ಹೆಸರಿದ್ದವು. ನಾವು ಕುಳ್ಳಗಿದ್ದೇವೆ ಎಂದು ಗೊಣಗಿದರೆ ಜಪಾನಿನವರು ಬರುತ್ತಿದ್ದರು. 1928ರಲ್ಲಿ ಮಿಕಿಯೊ ಓದ, 1932ರಲ್ಲಿ ಚುಹೇ ನಂಬು, 1936ರಲ್ಲಿ ನವೊತೊ ತಜಿಮ. ಸತತ ಮೂರು ಒಲಿಂಪಿಕ್ಸಿನ ಹಾಪಿಷ್ಟೆಪ್ಪು ಚಿನ್ನ ಒಂದೇ ದೇಶಕ್ಕೆ. ಅವರಲ್ಲಿ ನಂಬು ಉದ್ದ ಜಿಗಿತದಲ್ಲೂ ವಿಶ್ವದಾಖಲೆ ಮಾಡಿದವನು, 7.98 ಮೀಟರ್. ಬರ್ಲಿನ್ನಿನಲ್ಲಿ ತಜಿಮ ಹಾರಿದ್ದು ಸರಿಯಾಗಿ ಹದಿನಾರು ಮೀಟರ್. "ಅವರೇನು ತಾಳೆಮರ ಇದ್ರಾ? ನಿಮ್ಮಂಗೇ ಇದ್ರು. ಅನ್ನ ತಿಂದು ಹಾರಿದ್ರು." ನಾವು ಮುದ್ದೆ ತಿನ್ನುವವರು ಎಂದು ಮಿಡತೆ ಒಮ್ಮೆ ಹೇಳಿ ಕಿವಿ ಹಿಂಡಿಸಿಕೊಂಡ.

1968ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಒಲಿಂಪಿಕ್ಸ್ ಬಂತು. ನಮ್ಮೂರಿಗೆ ಪ್ರಜಾವಾಣಿ ಬಸ್ಸಿನಲ್ಲಿ ಬರುತ್ತಿತ್ತು, ಬಸ್ಸು ತನಗೆ ಮನಸ್ಸಾದಾಗ ಬರುತ್ತಿತ್ತು. ಮೇಷ್ಟ್ರು ಬಸ್ ನಿಲ್ದಾಣದಲ್ಲೇ ಪೇಪರ್ ಬಿಡಿಸಿ ಓದಿ ಕೂಗಿದರು: ಬಾಬ್ ಬೀಮನ್, 8.90 ಮೀಟರ್. ತಪ್ಪು ಅಚ್ಚಾಗಿದೆ ಎಂದು ಹೋಟೆಲಿನಲ್ಲಿ ಪಂದ್ಯ ಕಟ್ಟಿದವರಿದ್ದರು. ಹಾಪಿಷ್ಟೆಪ್ಪಿನ ಕಥೆ ಇನ್ನೂ ವಿಚಿತ್ರ. ಇಟಲಿಯ ಜೆಂಟಿಲೆ, ಬ್ರೆಜಿಲಿನ ಪ್ರುಡೆನ್ಸಿಯೊ, ಸೋವಿಯತ್ ದೇಶದ ಸನೆಯೆವ್, ಈ ಮೂವರೇ ಎರಡು ದಿನದಲ್ಲಿ ವಿಶ್ವದಾಖಲೆಯನ್ನು ಐದು ಸಲ ಮುರಿದರು. ಎರಡು ಸಲ ದಾಖಲೆ ಮುರಿದ ಜೆಂಟಿಲೆಗೆ ಕೊನೆಗೆ ಸಿಕ್ಕಿದ್ದು ಕಂಚು. ಸನೆಯೆವ್ 17.39ಕ್ಕೆ ಚಿನ್ನ. ಮೇಷ್ಟ್ರು ಅವತ್ತು ಸಂಜೆ ಬಾವುಟದ ಕಂಬದಿಂದ ಮತ್ತೆ ಟೇಪು ಹಿಡಿದರು. ಹೊಸ ಗೆರೆ ಹೆಡ್‌ಮಾಸ್ತರರ ಮೆಟ್ಟಿಲು ದಾಟಿ ಕೋಣೆಯೊಳಗೆ, ಅವರ ಕುರ್ಚಿಯ ಕೆಳಗೆ ಬಂತು. ಸುಣ್ಣ ಹಾಕಲು ಹೆಡ್‌ಮಾಸ್ತರರು ಬಿಡಲಿಲ್ಲ.

ಆ ಕಾಲದ ಜಿಗಿತಗಾರರು ಹವ್ಯಾಸಿಗಳು. ಆಟದಿಂದ ದುಡ್ಡು ಮುಟ್ಟಿದರೆ ಕೂಟದಿಂದ ಹೊರಗೆ. ಬರ್ಲಿನ್ನಿನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸನೇ ಆ ನಿಯಮದ ಕತ್ತರಿಗೆ ಸಿಕ್ಕಿದ. ನಮ್ಮೂರಿನ ಮಟ್ಟಿಗೆ ಈ ನಿಯಮ ಯಾರಿಗೂ ತೊಂದರೆ ಕೊಡಲಿಲ್ಲ. ತಾಲ್ಲೂಕು ಕೂಟದಲ್ಲಿ ಗೆದ್ದರೆ ಒಂದು ಸ್ಟೀಲ್ ಲೋಟ. ಎರಡನೆಯವನಿಗೆ ಸೋಪಿನ ಡಬ್ಬಿ. ನಮ್ಮ ಮನೆಯಲ್ಲಿ ಎರಡು ಸೋಪಿನ ಡಬ್ಬಿ ಇದ್ದವು, ಸೋಪು ಒಂದೇ ಇತ್ತು.

ಈಗ ದುರ್ಗದ ಕೂಟದ ವಿಷಯ. 1969ರ ಚಳಿಗಾಲ. ಜಿಲ್ಲಾ ಮಟ್ಟದ ಕೂಟಕ್ಕೆ ಚಿತ್ರದುರ್ಗಕ್ಕೆ ನಾವು ನಾಲ್ವರು, ಮೇಷ್ಟ್ರು ಐದನೆಯವರು, ಕಂಬಳಿ ಆರನೆಯದು. ಕೋಟೆಯ ಕಡೆಯಿಂದ ಬೆಳಗ್ಗೆಯಿಂದಲೂ ಗಾಳಿ. ದುರ್ಗದ ಗಾಳಿ ಗೊತ್ತಿದ್ದವರಿಗೆ ಗೊತ್ತು. ಬಂಡೆಯ ಮೇಲಿಂದ ಇಳಿದು ಬರುವಾಗ ಬಂಡೆಯ ತಣುಪನ್ನೂ ಹೊತ್ತು ತರುತ್ತದೆ. ಉದ್ದ ಜಿಗಿತದಲ್ಲಿ ಮಿಡತೆ ಮೂರನೆಯವನಾದ. ನಾನು ಎಷ್ಟನೆಯವನು ಎಂದು ಯಾರೂ ಎಣಿಸಲಿಲ್ಲ. ಮಧ್ಯಾಹ್ನ ಹಾಪಿಷ್ಟೆಪ್ಪು. ಎರಡು ಸುತ್ತು ಮುಗಿದಾಗ ಮಿಡತೆ ನಾಲ್ಕನೆಯವನು, ಆದರೆ ಮೊದಲಿನವನಿಗೂ ಇವನಿಗೂ ಅಂತರ ಒಂದಡಿಯೂ ಇರಲಿಲ್ಲ. ಕೊನೆಯ ನೆಗೆತಕ್ಕೆ ಓಟದ ಗೆರೆಯಲ್ಲಿ ನಿಂತು ತೊಡೆ ತಟ್ಟಿಕೊಳ್ಳುತ್ತಿದ್ದ.

ಮೈಕು ಗರ್ ಎಂದಿತು. ಮುಖ್ಯ ಅತಿಥಿಗಳು ಬಂದರು. ಎಲ್ಲ ಸ್ಪರ್ಧೆಗಳನ್ನೂ ನಿಲ್ಲಿಸತಕ್ಕದ್ದು, ಎಲ್ಲರೂ ನಿಂತಲ್ಲೇ ಸಾವಧಾನದಲ್ಲಿ ನಿಲ್ಲತಕ್ಕದ್ದು.

ಜೀಪಿಳಿದರು, ಹಾರ ಹಾಕಿದರು, ಮತ್ತೊಬ್ಬರಿಗೂ ಹಾಕಿದರು, ಸ್ವಾಗತ ಮಾಡಿದರು, ಅತಿಥಿಗಳು ಮಾತಿಗೆ ಎದ್ದರು. ಯುವಕರು ದೇಶದ ಬೆನ್ನೆಲುಬು ಎಂದರು. ನಾನು ಗುಂಡಿಯ ಕಡೆ ನೋಡಿದೆ. ಮಿಡತೆ ಬನಿಯನ್ನಿನಲ್ಲಿ ನಿಂತಿದ್ದಾನೆ, ತೋಳಿನ ಮೇಲೆ ರೋಮ ಎದ್ದಿದೆ. ಇನ್ನೊಂದು ಕಡೆಯಿಂದ ನಮ್ಮ ಮೇಷ್ಟ್ರು ಓಡಿ ಬರುತ್ತಿದ್ದಾರೆ. ಸಾವಧಾನದಲ್ಲಿ ನಿಂತಿದ್ದ ಅಷ್ಟು ಜನರ ನಡುವೆ ಓಡುತ್ತಿದ್ದದ್ದು ಅವರೊಬ್ಬರೇ. ಬಂದವರೇ ಕಂಬಳಿ ತೆಗೆದು ಅವನ ತಲೆಯಿಂದ ಮೊಣಕಾಲವರೆಗೆ ಸುತ್ತಿ, ತೋಳು ಹಿಡಿದು, ಶಾಮಿಯಾನದ ಹಿಂದೆ ಎಳೆದುಕೊಂಡು ಹೋದರು. ಬಿಳಿ ಟೋಪಿಯ ಒಬ್ಬರು "ಏನ್ರೀ ಇದು, ಭಾಷಣ ನಡೀತಿದೆ" ಎಂದು ಅಡ್ಡ ಬಂದರು. ಮೇಷ್ಟ್ರು, "ಹುಡುಗನಿಗೆ ಜ್ವರ ಸ್ವಾಮಿ, ಬಿಡ್ರಿ" ಎಂದರು.

ಭಾಷಣ ನಡೆದಷ್ಟು ಹೊತ್ತೂ ಶಾಮಿಯಾನದ ಹಿಂದೆ ಆ ಜ್ವರದ ಹುಡುಗ ಕಂಬಳಿ ಹೊದ್ದು ಕುಣಿಯುತ್ತಿದ್ದ. ಮೇಷ್ಟ್ರೂ ಜೊತೆಗೆ ಕುಣಿಯುತ್ತಿದ್ದರು. ಬಟ್ಟೆಯ ಸೀಳಿನಲ್ಲಿ ನಾನು ನೋಡಿದೆ. ಮೇಷ್ಟ್ರು ಕುಳಿತು ಅವನ ತೊಡೆಯ ಹಿಂಭಾಗವನ್ನು ಎರಡೂ ಅಂಗೈಯಿಂದ ಉಜ್ಜುತ್ತಿದ್ದರು. ನಲವತ್ತು ದಾಟಿದ ಮೇಷ್ಟ್ರು, ಹದಿನೈದರ ಬಡಗಿ ಹುಡುಗನ ಕಾಲು. ನಾವು ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡುವವರು, ಅವರು ನಮ್ಮ ಕಾಲು ಮುಟ್ಟಿದ್ದನ್ನು ಕಂಡು ನನಗೆ ಹೇಗೋ ಆಯಿತು. ಮಿಡತೆ "ಬ್ಯಾಡ ಸಾ, ಬ್ಯಾಡ ಸಾ" ಎನ್ನುತ್ತಿದ್ದ. "ಸುಮ್ನಿರಲೇ. ಲಂಡನ್ನಾಗೆ ಇದನ್ನ ಮಾಡೋಕೆ ಒಬ್ಬನೂ ಇರಲಿಲ್ಲ" ಎಂದರು.

ಮತ್ತೆ ಸೀಟಿ ಊದಿದಾಗ ಮಿಡತೆ ಗೆರೆಗೆ ಬಂದ. ಹೊರಡುವ ಕೊನೆಯ ಗಳಿಗೆಯಲ್ಲಿ ಕಂಬಳಿ ತೆಗೆದು ಮೇಷ್ಟ್ರ ಕೈಗೆ ಎಸೆದ. ಕುಂಟು, ಹೆಜ್ಜೆ, ನೆಗೆತ. ಬಿಳಿ ಬಾವುಟ ಏರಿತು. ಮೊದಲಿನ ಇಬ್ಬರೂ ತಣ್ಣಗಾದ ಕಾಲಿನಲ್ಲಿ ತಮ್ಮ ಹಿಂದಿನ ನೆಗೆತಕ್ಕಿಂತ ಹಿಂದೆ ಬಿದ್ದರು. ಆದರೂ ಹಿಂದಿನದರ ಬಲದ ಮೇಲೆ ಒಬ್ಬ ಮಿಡತೆಗಿಂತ ಒಂದಿಂಚು ಮುಂದೆ ಉಳಿದ. ಎರಡನೇ ಸ್ಥಾನ. ಬಹುಮಾನ, ಸೋಪಿನ ಡಬ್ಬಿ.

ಮೇಷ್ಟ್ರಿಗೆ ಬಹುಮಾನದ ಗೊಡವೆಯೇ ಇರಲಿಲ್ಲ. ಬಸ್ಸಿನಲ್ಲಿ ಮಿಡತೆಯ ತೊಡೆ ಹಿಂಡಿ ಹಿಂಡಿ, "ನೋವಿಲ್ಲ ತಾನೆ? ಎಲ್ಲಾದ್ರೂ ಹಿಡಿದಂಗಿದೆಯಾ?" ಎಂದು ಊರು ಬರುವವರೆಗೂ ಕೇಳುತ್ತಲೇ ಇದ್ದರು. ಹಿರಿಯೂರು ರಸ್ತೆಯ ಒಂದು ಹೋಟೆಲಿನಲ್ಲಿ ನಮಗೆಲ್ಲ ಮೆಣಸಿನಕಾಯಿ ಮಂಡಕ್ಕಿ ಕೊಡಿಸಿದರು. ದುಡ್ಡು ಅವರದೇ.

ಅವರಿಗೆ ಮರುವರ್ಷ ವರ್ಗವಾಯಿತು. ಗುಂಡಿಯಲ್ಲಿ ಹುಲ್ಲು ಬೆಳೆಯಿತು. ಮಿಡತೆ ಎಸ್ಸೆಸ್ಸೆಲ್ಸಿ ಮುಗಿಸಿ, ಸ್ವಲ್ಪ ದಿನ ಉಳಿ ಹಿಡಿದು, ಕೊನೆಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆದ. ಚಲಿಸುವ ಬಸ್ಸಿಗೆ ಹಾರಿ ಹತ್ತುವುದರಲ್ಲಿ ಅವನನ್ನು ಮೀರಿಸಿದವರು ಡಿಪೋದಲ್ಲೇ ಇರಲಿಲ್ಲವಂತೆ. ನಾನು ಮೇಷ್ಟ್ರಾದೆ, ಡ್ರಿಲ್ಲಿಗಲ್ಲ, ಸಮಾಜ ಪಾಠಕ್ಕೆ.

ರೆಬೆಲ್ಲೋ ವಾಯುಸೇನೆ ಸೇರಿ ಗ್ರೂಪ್ ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು ಎಂದು ನಾನು ಓದಿದ್ದು ಬಹಳ ತಡವಾಗಿ. ನಮ್ಮ ತಲೆಯಲ್ಲಿ ಅವರಿಗೆ ವಯಸ್ಸೇ ಆಗಿರಲಿಲ್ಲ. ಇಷ್ಟು ವರ್ಷವೂ 'ಅವನು' ಎಂದೇ ಅನ್ನುತ್ತಿದ್ದೆವು, ವೆಂಬ್ಲಿಯ ಗುಂಡಿಯಲ್ಲಿ ಬಿದ್ದ ಹತ್ತೊಂಬತ್ತರ ಹುಡುಗ ಎಂದೇ. 2013ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಮಿಡತೆಯ ಫೋನು ಬಂತು. "ಪೇಪರ್ ನೋಡಿದೇನೋ? ರೆಬೆಲ್ಲೋ ಹೋದ್ರಂತೆ, ಗುರಗಾಂವ್‌ನಾಗೆ. ಎಂಬತ್ನಾಲ್ಕು." ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ, "ಮೇಷ್ಟ್ರು ಇದ್ದಿದ್ರೆ ಇವತ್ತು ಸ್ಕೂಲಿಗೆ ರಜ ಕೊಡಿಸೋರು" ಎಂದ.

ನಿವೃತ್ತನಾದ ಮೇಲೆ ನನ್ನನ್ನೂ ಹತ್ತಿರದ ಶಾಲೆಗಳ ಕ್ರೀಡಾಕೂಟಕ್ಕೆ ಅತಿಥಿಯಾಗಿ ಕರೆಯುತ್ತಾರೆ. ಹೋಗುತ್ತೇನೆ. ಗೇಟಿನಲ್ಲೇ ಇಳಿದು ಮೈದಾನ ಸುತ್ತು ಹಾಕಿಕೊಂಡು ವೇದಿಕೆಗೆ ಹೋಗುವುದು ಅಭ್ಯಾಸವಾಗಿದೆ. ನೀವೂ ಎಂದಾದರೂ ಅಂಥ ವೇದಿಕೆ ಹತ್ತುವವರಾದರೆ ಒಂದು ಕೋರಿಕೆ. ಹತ್ತುವ ಮೊದಲು ಜಿಗಿತದ ಗುಂಡಿಯ ಕಡೆ ಒಮ್ಮೆ ನೋಡಿ. ಗೆರೆಯ ಮೇಲೆ ಯಾವುದಾದರೂ ಹುಡುಗನೋ ಹುಡುಗಿಯೋ ತೊಡೆ ತಟ್ಟಿಕೊಳ್ಳುತ್ತ ನಿಂತಿದ್ದರೆ, ಮೈಕಿನವರಿಗೆ ಸ್ವಲ್ಪ ತಡೆಯಲು ಹೇಳಿ. ಮೊದಲು ಆ ಮಗು ಹಾರಲಿ, ಹಾರ ಆಮೇಲೆ ಹಾಕಿಸಿಕೊಂಡರಾಯಿತು.